ದೊಡ್ಡ ತೋಟೆ, ದುಬಾರಿ ಗುಂಡು: ಜಿಂಕೆ ಬೇಟೆಯ ರೈಫಲ್ ಬಗ್ಗೆ ಹರಿದಾಡುವ ಮಾತುಗಳಲ್ಲಿ ಎಷ್ಟು ನಿಜ?

ನವೆಂಬರ್ ಬಂತೆಂದರೆ ಅಮೆರಿಕದಲ್ಲಿ ಜಿಂಕೆ ಬೇಟೆಯ ಕಾಲ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟವರು, ರೈಫಲ್‌ಗಳು, ಪಿಕಪ್ ಗಾಡಿಯ ಹಿಂಬದಿಯಲ್ಲಿ ಮಲಗಿಸಿದ ಜಿಂಕೆಗಳು, ಇಂಥ ವಿಡಿಯೊಗಳು ಅಲ್ಲಿರುವ ನೆಂಟರ ಮೂಲಕ ನಮ್ಮ ಫ್ಯಾಮಿಲಿ ಗ್ರೂಪಿಗೂ ಬರುತ್ತವೆ. ಜೊತೆಗೆ ಒಂದಷ್ಟು ‘ಜ್ಞಾನ’ವೂ ಬರುತ್ತದೆ. ‘ಈ ಗುಂಡು ಬಿದ್ದರೆ ಜಿಂಕೆ ಹತ್ತು ಅಡಿ ಹಾರಿ ಬೀಳುತ್ತೆ’, ‘ಗುಂಡು ನಳಿಗೆಯಿಂದ ಹೊರಬಂದ ಮೇಲೆ ಮೊದಲು ಮೇಲಕ್ಕೇರುತ್ತೆ’, ‘ತೋಟೆ ದೊಡ್ಡದಾದಷ್ಟೂ ಗುರಿ ತಪ್ಪಲ್ಲ’, ‘ದುಬಾರಿ ಡಬ್ಬ ತಗೊಂಡ್ರೆ ಸಾಕು, ಉಳಿದದ್ದು ಅದೇ ನೋಡಿಕೊಳ್ಳುತ್ತೆ’. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಮೊದಲೇ ಒಂದು ಮಾತು. ಭಾರತದಲ್ಲಿ ಜಿಂಕೆ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜೈಲು ಶಿಕ್ಷೆ ಇದೆ. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆ ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಜಿಂಕೆ ಹೊಡೆಯುವುದಕ್ಕಲ್ಲ. ಇಲ್ಲಿ ಹೇಳುತ್ತಿರುವುದೆಲ್ಲ ಕಾನೂನಿನ ಒಪ್ಪಿಗೆ ಇರುವ ಅಮೆರಿಕದಂಥ ದೇಶದ ವಿಚಾರ.

ಅಲ್ಲೇಕೆ ಒಪ್ಪಿಗೆ ಎಂದು ಕೇಳಬಹುದು. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆ ಅಂದಾಜು ಮೂರು ಕೋಟಿ. ಅವುಗಳನ್ನು ಹಿಡಿಯುತ್ತಿದ್ದ ತೋಳ, ಪ್ಯೂಮಾಗಳನ್ನು ಬಹುತೇಕ ರಾಜ್ಯಗಳಲ್ಲಿ ಮನುಷ್ಯರೇ ಮುಗಿಸಿದ್ದಾರೆ. ಜಿಂಕೆ ಹೆಚ್ಚಾದರೆ ಬೆಳೆ ಹಾಳು, ಕಾಡಿನ ಸಸಿಗಳು ಹಾಳು, ರಸ್ತೆಯಲ್ಲಿ ಕಾರಿಗೆ ಅಡ್ಡ. ಆದ್ದರಿಂದ ರಾಜ್ಯ ಸರ್ಕಾರಗಳು ಲೈಸೆನ್ಸ್ ಕೊಟ್ಟು, ದಿನ ನಿಗದಿಪಡಿಸಿ, ಎಷ್ಟು ಜಿಂಕೆ ಎಂದು ಲೆಕ್ಕ ಹಾಕಿ ಬೇಟೆಗೆ ಬಿಡುತ್ತವೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನ ಮುಖ್ಯ ಬೇಟೆ ನಡೆಯುವುದು ಒಂಬತ್ತೇ ದಿನ. 1973ರ ಜನವರಿ 1ರ ನಂತರ ಹುಟ್ಟಿದವರು ತರಬೇತಿ ಪಾಸು ಮಾಡದೆ ಅಲ್ಲಿ ಲೈಸೆನ್ಸ್ ಪಡೆಯುವಂತಿಲ್ಲ. ಆ ತರಬೇತಿಯಲ್ಲಿ ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಮೊದಲ ಗುಂಡಿಗೇ, ನೋವಿಲ್ಲದೆ ಸಾಯುವಂತೆ ಹೊಡೆಯಲು ಆಗದಿದ್ದರೆ ಹೊಡೆಯಬೇಡಿ. ಹೊಟ್ಟೆಗೆ ಗುಂಡು ಬಿದ್ದ ಜಿಂಕೆ ಪೊದೆಯೊಳಗೆ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಬೇಟೆಗಾರನಿಗೆ ಅದು ಸಿಗದೇ ಹೋಗಬಹುದು. ಗುರಿಯ ಬಗ್ಗೆ, ತೋಟೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣ ಇದೇ.

ತೋಟೆ ಬೇರೆ, ಗುಂಡು ಬೇರೆ

ನಾವು ಎಲ್ಲವನ್ನೂ ‘ಬುಲೆಟ್’ ಎಂದುಬಿಡುತ್ತೇವೆ. ಅಂಗಡಿಯಲ್ಲಿ ಸಿಗುವುದು ತೋಟೆ. ಅದರಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕವಚ, ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹಾರಿ ಹೋಗುವುದು ಗುಂಡು ಮಾತ್ರ. ಖಾಲಿ ಕವಚ ಕೋವಿಯಿಂದ ಪಕ್ಕಕ್ಕೆ ಬೀಳುತ್ತದೆ.

ತೋಟೆಗಳ ಹೆಸರುಗಳಿಗೆ ಒಂದೇ ನಿಯಮ ಇಲ್ಲ. .30-06ರಲ್ಲಿ ಮೊದಲ ಅಂಕಿ ಸ್ಥೂಲವಾಗಿ ಗುಂಡಿನ ಅಗಲ, ಅಂದರೆ ಅಂಗುಲದ ನೂರರಲ್ಲಿ ಸುಮಾರು 30 ಭಾಗ. ಎರಡನೆಯದು ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ ವರ್ಷ, 1906. ಆದರೆ .30-30ರಲ್ಲಿ ಎರಡನೆಯ 30 ಎಂದರೆ ಮೊದಲಿಗೆ ಅದರಲ್ಲಿ ತುಂಬುತ್ತಿದ್ದ ಮದ್ದಿನ ತೂಕ. .308 ವಿಂಚೆಸ್ಟರ್ 1952ರಲ್ಲಿ ಬಂತು, 6.5 ಕ್ರೀಡ್‌ಮೂರ್ 2007ರಲ್ಲಿ. ಗುಂಡಿನ ತೂಕ ಹೇಳುವುದು ‘ಗ್ರೇನ್’ ಲೆಕ್ಕದಲ್ಲಿ. 150 ಗ್ರೇನ್ ಎಂದರೆ 10 ಗ್ರಾಂಗೆ ತುಸು ಕಡಿಮೆ. ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಜಾಸ್ತಿ ತೂಕ, ಅಷ್ಟೆ.

ಇನ್ನೊಂದು ವಿಷಯವಂತೂ ಜೀವಕ್ಕೆ ಸಂಬಂಧಿಸಿದ್ದು. ‘ಕೋವಿಯೊಳಗೆ ಹಿಡಿಸಿದರೆ ಸಾಕು, ಹಾರುತ್ತೆ’ ಎಂಬ ಮಾತು ಅಪಾಯಕಾರಿ. ನಳಿಗೆಯ ಮೇಲೆ ಕೊರೆದಿರುವ ಹೆಸರು, ಡಬ್ಬದ ಮೇಲಿನ ಹೆಸರು, ತೋಟೆಯ ತಳದಲ್ಲಿ ಅಚ್ಚೊತ್ತಿದ ಹೆಸರು ಮೂರೂ ಅಕ್ಷರಶಃ ಒಂದೇ ಇರಬೇಕು. .300 ಬ್ಲ್ಯಾಕ್‌ಔಟ್ ತೋಟೆ .223 ರೈಫಲಿನೊಳಗೆ ಹೋಗಿ ಕೂರಬಹುದು. ಆದರೆ ಅದರ ಗುಂಡು ಆ ನಳಿಗೆಗಿಂತ ದಪ್ಪ. ಹಾರಿಸಿದರೆ ಕೋವಿ ಮುಖದ ಮುಂದೆಯೇ ಸಿಡಿಯುತ್ತದೆ.

ಗುಂಡು ಬಿದ್ದರೆ ಪ್ರಾಣಿ ಹಾರಿ ಬೀಳುತ್ತದೆಯೇ?

ಸಿನಿಮಾದಲ್ಲಿ ಹೌದು, ನಿಜದಲ್ಲಿ ಇಲ್ಲ. ಹೈಸ್ಕೂಲಿನಲ್ಲಿ ಕಲಿತ ಸಂವೇಗದ ಲೆಕ್ಕ ಸಾಕು. ರಾಶಿಯನ್ನು ವೇಗದಿಂದ ಗುಣಿಸಿ. .308ರ 150 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಡುತ್ತದೆ. 0.0097 ಕಿಲೋವನ್ನು 860ರಿಂದ ಗುಣಿಸಿದರೆ 8.3. ಈಗ ಗಂಟೆಗೆ 140 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡನ್ನು ತೆಗೆದುಕೊಳ್ಳಿ. 160 ಗ್ರಾಂ ಚೆಂಡು, ಸೆಕೆಂಡಿಗೆ ಸುಮಾರು 39 ಮೀಟರ್. ಉತ್ತರ 6.2. ಅಂದರೆ ಗುಂಡಿನ ‘ತಳ್ಳುವ ಶಕ್ತಿ’ ವೇಗದ ಬೌಲರ್ ಎಸೆದ ಚೆಂಡಿಗಿಂತ ಮೂರನೇ ಒಂದು ಭಾಗ ಜಾಸ್ತಿ, ಅಷ್ಟೇ. 70 ಕಿಲೋ ಜಿಂಕೆಯನ್ನು ಅದು ತಳ್ಳಿದರೂ ಸೆಕೆಂಡಿಗೆ 12 ಸೆಂ.ಮೀ. ವೇಗ ಬರುತ್ತದೆ. ಆಮೆ ನಡಿಗೆ! ನ್ಯೂಟನ್ನನ ಮೂರನೇ ನಿಯಮವನ್ನೂ ನೆನಪಿಸಿಕೊಳ್ಳಿ. ಗುಂಡಿಗೆ ಜಿಂಕೆಯನ್ನು ಹತ್ತು ಅಡಿ ಎಸೆಯುವ ತಾಕತ್ತಿದ್ದರೆ ಹೊಡೆದವನೂ ಹಿಂದಕ್ಕೆ ಹಾರಿ ಬೀಳಬೇಕಿತ್ತು.

ಹಾಗಾದರೆ ಜಿಂಕೆ ಸಾಯುವುದು ಹೇಗೆ? ಗುಂಡು ಹೃದಯ, ಶ್ವಾಸಕೋಶಗಳ ಮೂಲಕ ಹಾದು ಹೋದಾಗ ರಕ್ತದೊತ್ತಡ ಕುಸಿದು ಕೆಲವೇ ಸೆಕೆಂಡುಗಳಲ್ಲಿ ಮೆದುಳಿಗೆ ರಕ್ತ ನಿಲ್ಲುತ್ತದೆ. ಸರಿಯಾಗಿ ಬಿದ್ದ ಗುಂಡಿನ ನಂತರವೂ ಜಿಂಕೆ ಐವತ್ತು, ನೂರು ಗಜ ಓಡಿ ಬೀಳುವುದು ಮಾಮೂಲು. ಓಡಿತೆಂದರೆ ಗುಂಡಿಗೆ ಶಕ್ತಿ ಸಾಲಲಿಲ್ಲ ಎಂದರ್ಥವಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಎರಡೇ: ಗುಂಡು ಎಲ್ಲಿ ಬಿತ್ತು, ಬಿದ್ದ ಮೇಲೆ ಒಳಗೆ ಏನು ಮಾಡಿತು.

ಒಳಗೆ ಏನು ಮಾಡಿತು ಎಂಬುದೇ ಗುಂಡಿನ ಆಯ್ಕೆ

ಸೈನ್ಯದ ಗುಂಡಿಗೆ ಮೈತುಂಬ ಗಟ್ಟಿ ಲೋಹದ ಹೊದಿಕೆ ಇರುತ್ತದೆ. ಅದು ಸೂಜಿಯಂತೆ ತೂರಿ ಆಚೆ ಹೋಗಬಹುದು. ಜಿಂಕೆಗೆ ಸಣ್ಣ ತೂತು, ನಿಧಾನ ಸಾವು. ಆದ್ದರಿಂದ ಬೇಟೆಗೆ ಬಳಸುವುದು ತುದಿ ಮೆತ್ತಗಿರುವ ಗುಂಡು. ಮಾಂಸಕ್ಕೆ ತಾಗಿದೊಡನೆ ಅದು ಅಣಬೆಯಂತೆ ಅರಳಿ ಹೆಚ್ಚುಕಡಿಮೆ ಎರಡು ಪಟ್ಟು ಅಗಲವಾಗುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಜಿಂಕೆಗೆ ಅರಳುವ ಗುಂಡೇ ಕಡ್ಡಾಯ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯಲ್ಲೂ ಇದೇ ನಿಯಮ.

ಇಲ್ಲೊಂದು ಸೋಜಿಗ ಇದೆ. ಇದೇ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಎಂದು 1899ರ ಹೇಗ್ ಘೋಷಣೆ ಹೇಳುತ್ತದೆ. ಆ ನಿಷೇಧಕ್ಕೆ ಕಾರಣವಾದ ‘ದಮ್ ದಮ್’ ಗುಂಡು ತಯಾರಾದದ್ದು ನಮ್ಮ ಕೋಲ್ಕತಾ ಪಕ್ಕದ ದಮ್‌ದಮ್ ಕಾರ್ಖಾನೆಯಲ್ಲಿ, 1890ರ ದಶಕದಲ್ಲಿ. ಮನುಷ್ಯನ ಮೇಲೆ ಕ್ರೂರ ಎಂದು ನಿಷೇಧವಾದದ್ದು, ಪ್ರಾಣಿಯ ವಿಷಯದಲ್ಲಿ ಕಡಿಮೆ ಕ್ರೂರ ಎಂದು ಕಡ್ಡಾಯವಾಗಿದೆ! ವಿಚಿತ್ರ ಎನಿಸಿದರೂ ತರ್ಕ ಇದೆ. ಯುದ್ಧದಲ್ಲಿ ಗಾಯಗೊಂಡವನಿಗೆ ಆಸ್ಪತ್ರೆ ಇರುತ್ತದೆ, ಕಾಡಿನ ಜಿಂಕೆಗೆ ಇರುವುದಿಲ್ಲ.

ಅರಳುವುದೂ ಅತಿಯಾಗಬಾರದು. 1946ರಲ್ಲಿ ಜಾನ್ ನೋಸ್ಲರ್ ಎಂಬ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರಿ ಜಿಂಕೆಗೆ ಗುಂಡು ಹೊಡೆದರೂ ಅದು ಬೀಳಲಿಲ್ಲ. ಅವರ ಬಳಿ ಇದ್ದದ್ದು ದೊಡ್ಡ ಮ್ಯಾಗ್ನಮ್ ತೋಟೆಯೇ. ಆದರೆ ಆ ವೇಗಕ್ಕೆ ಗುಂಡು ತೊಗಲಿನ ಹತ್ತಿರವೇ ಚೂರಾಗಿ ಒಳಗೆ ಇಳಿಯಲಿಲ್ಲ. ಆಮೇಲೆ ಅವರು ನಡುವೆ ತಾಮ್ರದ ಅಡ್ಡಗೋಡೆ ಇರುವ ಗುಂಡು ಮಾಡಿದರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಹಾಗೇ ಉಳಿದು ಒಳಕ್ಕೆ ನುಗ್ಗುತ್ತದೆ. 1948ರಲ್ಲಿ ಶುರುವಾದ ಅವರ ಕಂಪನಿಯ ‘ಪಾರ್ಟಿಷನ್’ ಗುಂಡು ಇಂದಿಗೂ ಮಾರಾಟದಲ್ಲಿದೆ.

ಬಿಳಿಬಾಲದ ಜಿಂಕೆ ಮೂಸ್‌ನಷ್ಟು ದೊಡ್ಡದಲ್ಲ. ಸಾಧಾರಣ ದೂರಕ್ಕೆ ಸಾಧಾರಣ ಬೆಲೆಯ ಮೆತ್ತನೆ ತುದಿಯ ಗುಂಡು ಅದಕ್ಕೆ ಸಾಕು. ಆದರೆ ‘ಮ್ಯಾಚ್’ ಎಂದು ಬರೆದ ಡಬ್ಬದ ಬಗ್ಗೆ ಎಚ್ಚರ ಬೇಕು. ಅದು ಸ್ಪರ್ಧೆಯಲ್ಲಿ ಕಾಗದಕ್ಕೆ ತೂತು ಹಾಕಲು ಮಾಡಿದ್ದು. ಗುರಿಗೆ ಬಲು ನಿಖರ, ಆದರೆ ಮಾಂಸದೊಳಗೆ ಸರಿಯಾಗಿ ಅರಳುತ್ತದೆಂಬ ಭರವಸೆ ಇಲ್ಲ. ಅತಿ ನಿಖರವಾದ ತೋಟೆಯೇ ಬೇಟೆಗೂ ಒಳ್ಳೆಯದು ಎಂಬ ಫಾರ್ವರ್ಡ್ ತಪ್ಪುವುದು ಇಲ್ಲಿ.

ಗುಂಡು ನೇರವಾಗಿ ಹೋಗುತ್ತದೆಯೇ? ಮೇಲಕ್ಕೇರುತ್ತದೆಯೇ?

ಎರಡೂ ಇಲ್ಲ. ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಗುರುತ್ವ ಅದನ್ನು ಕೆಳಗೆ ಎಳೆಯುತ್ತದೆ. ಕೈಯಿಂದ ಜಾರಿದ ಕಲ್ಲು ಎಷ್ಟು ಬೇಗ ಬೀಳುತ್ತದೋ ಹೆಚ್ಚುಕಡಿಮೆ ಅಷ್ಟೇ ಬೇಗ. ನೂರು ಗಜ ದಾಟಲು .308 ಗುಂಡಿಗೆ ಸುಮಾರು 0.11 ಸೆಕೆಂಡು ಸಾಕು. ಅಷ್ಟರಲ್ಲಿ ಅದು 6 ಸೆಂ.ಮೀ. ಇಳಿದಿರುತ್ತದೆ.

ಮತ್ತೆ ‘ಮೇಲಕ್ಕೇರುತ್ತೆ’ ಎಂಬ ಮಾತು ಹುಟ್ಟಿದ್ದೆಲ್ಲಿ? ನೋಡುವ ಸ್ಕೋಪು ನಳಿಗೆಗಿಂತ ಸುಮಾರು 4 ಸೆಂ.ಮೀ. ಮೇಲಿರುತ್ತದೆ. ಗುಂಡು ಗುರಿಗೆ ತಲುಪಬೇಕಾದರೆ ಈ 4 ಮತ್ತು ಬೀಳುವ 6 ಸೇರಿ 10 ಸೆಂ.ಮೀ. ಸರಿದೂಗಿಸಬೇಕು. ಅದಕ್ಕಾಗಿ ನಳಿಗೆಯ ತುದಿಯನ್ನು ಕೂದಲೆಳೆಯಷ್ಟು ಮೇಲಕ್ಕೆ ವಾಲಿಸಿರುತ್ತಾರೆ, ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹೀಗಾಗಿ ಸ್ಕೋಪಿನ ನೋಟದ ಗೆರೆಗೆ ಹೋಲಿಸಿದರೆ ಗುಂಡು ಏರಿದಂತೆ ಕಾಣುತ್ತದೆ. ನಳಿಗೆ ತೋರಿಸಿದ ಗೆರೆಗಿಂತ ಮೇಲೆ ಅದು ಎಂದೂ ಹೋಗುವುದಿಲ್ಲ. ಸಿಕ್ಸರ್ ಹೊಡೆಯುವವನು ಬ್ಯಾಟನ್ನು ಮೇಲ್ಮುಖವಾಗಿ ಬೀಸಿದ ಹಾಗೆ.

ಇದರ ಉಪಯೋಗ ಬೇಟೆಗಾರನಿಗಿದೆ. ನೂರು ಗಜಕ್ಕೆ ಸರಿಯಾಗಿ ಕೂರಿಸಿದ .308, ಇನ್ನೂರು ಗಜದಲ್ಲಿ ಸುಮಾರು 10 ಸೆಂ.ಮೀ. ಕೆಳಗೆ ಹೊಡೆಯುತ್ತದೆ, ಮುನ್ನೂರರಲ್ಲಿ 35 ಸೆಂ.ಮೀ. ಆಸುಪಾಸು. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಒಂದು ಊಟದ ತಟ್ಟೆಯಷ್ಟು, 20ರಿಂದ 25 ಸೆಂ.ಮೀ. ಅಗಲ. ಮುನ್ನೂರು ಗಜದ ಜಿಂಕೆಗೆ ಲೆಕ್ಕವಿಲ್ಲದೆ ನೇರ ಗುರಿ ಇಟ್ಟರೆ ಗುಂಡು ಹೊಟ್ಟೆಯಡಿ ಹೋಗಬಹುದು, ಇಲ್ಲವೇ ಕಾಲು ಮುರಿಯಬಹುದು. ಅನೇಕರು ನೂರು ಗಜದಲ್ಲಿ ಬೇಕೆಂದೇ ಎರಡು ಅಂಗುಲ ಮೇಲೆ ಬೀಳುವಂತೆ ಸ್ಕೋಪು ಕೂರಿಸುತ್ತಾರೆ. ಆಗ ಸುಮಾರು 225 ಗಜದವರೆಗೆ ಯಾವ ಲೆಕ್ಕವೂ ಇಲ್ಲದೆ ನಡುವಿಗೆ ಗುರಿ ಇಟ್ಟರೂ ಗುಂಡು ಆ ತಟ್ಟೆಯೊಳಗೇ ಇರುತ್ತದೆ.

ಬೆಟ್ಟದ ಮೇಲಿಂದ ಕೆಳಗೆ ಹೊಡೆಯುವಾಗ ಕೆಳಕ್ಕೆ, ಕೆಳಗಿಂದ ಮೇಲೆ ಹೊಡೆಯುವಾಗ ಮೇಲಕ್ಕೆ ಗುರಿ ಇಡಬೇಕು ಎನ್ನುವವರಿದ್ದಾರೆ. ಅರ್ಧ ಸರಿ, ಅರ್ಧ ತಪ್ಪು. ಗುಂಡಿನ ಇಳಿತಕ್ಕೆ ಲೆಕ್ಕ ಅಡ್ಡದೂರ, ಓರೆ ದೂರವಲ್ಲ. ಆದ್ದರಿಂದ ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ಗುಂಡು ಎಣಿಸಿದ್ದಕ್ಕಿಂತ ಮೇಲೆಯೇ ಬೀಳುತ್ತದೆ. ಮರದ ಮೇಲಿನ ಮಚಾನಿನಿಂದ ಐವತ್ತು ಗಜಕ್ಕೆ ಹೊಡೆಯುವವರು ಇದನ್ನು ಮರೆತರೂ ನಷ್ಟವಿಲ್ಲ.

ದೊಡ್ಡ ತೋಟೆ ಎಂದರೆ ಒಳ್ಳೆಯ ಗುರಿಯೇ?

ನನ್ನ ಪ್ರಕಾರ ಅತಿ ಹೆಚ್ಚು ಹಾನಿ ಮಾಡಿದ ಸುಳ್ಳು ಇದು. ದೊಡ್ಡ ತೋಟೆ ಹೆಗಲಿಗೆ ಜೋರಾಗಿ ಒದೆಯುತ್ತದೆ. .30-06ರ ಒದೆತ .243ರ ಸುಮಾರು ಎರಡರಷ್ಟು. .300 ಮ್ಯಾಗ್ನಮ್ ಅದಕ್ಕಿಂತಲೂ ಜಾಸ್ತಿ. ಎರಡು ಮೂರು ಸಲ ಒದೆಸಿಕೊಂಡ ಮೈ ತನಗೆ ತಾನೇ ಪಾಠ ಕಲಿಯುತ್ತದೆ. ಮುಂದಿನ ಸಲ ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚಿ, ಹೆಗಲು ಬಿಗಿದು, ಕೋವಿ ಅಲುಗುತ್ತದೆ. ಇಂಜೆಕ್ಷನ್ ಸೂಜಿ ಕಂಡ ಮಗುವಿನ ತೋಳಿನಂತೆ. ನೂರು ಗಜದ ಗುರಿಗೆ ಕೋವಿಯ ತುದಿ ಒಂದು ಮಿಲಿಮೀಟರ್ ಸರಿದರೆ ಗುಂಡು ಸುಮಾರು ಒಂದು ಅಂಗೈ ಅಗಲ ಸರಿಯುತ್ತದೆ.

ಪರೀಕ್ಷೆ ಸುಲಭ. ಗೆಳೆಯನೊಬ್ಬ ತೋಟೆ ತುಂಬಿಸಿಕೊಡಲಿ. ಮಧ್ಯೆ ಮಧ್ಯೆ ಮದ್ದಿಲ್ಲದ ಅಭ್ಯಾಸದ ತೋಟೆ ಇಡಲಿ. ಅದು ಬಂದಾಗ ಢಂ ಎನ್ನುವುದಿಲ್ಲ, ಬರೀ ಟಿಕ್. ಆ ಟಿಕ್ ಜೊತೆ ಕೋವಿಯ ಮೂತಿ ಕೆಳಗೆ ಕುಸಿದರೆ ಸಮಸ್ಯೆ ಡಬ್ಬದಲ್ಲಿಲ್ಲ, ಹೆಗಲಲ್ಲಿದೆ. ಅಂಥವರಿಗೆ ಅನುಭವಿಗಳು ಹೇಳುವುದು ಚಿಕ್ಕ ತೋಟೆಗೆ ಇಳಿಯಿರಿ ಎಂದೇ. .243, 6.5 ಕ್ರೀಡ್‌ಮೂರ್, 7ಎಂಎಂ-08 ಎಲ್ಲವೂ ಬಿಳಿಬಾಲದ ಜಿಂಕೆಗೆ ಧಾರಾಳ. ಅಭ್ಯಾಸಕ್ಕೆ ಒದೆತವೇ ಇಲ್ಲದ, ಅಗ್ಗದ .22 ಇನ್ನೂ ಒಳ್ಳೆಯದು.

ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿ ಬೆಳೆದವರಿಗೆ ಆಂಡರ್ಸನ್ನರ .405 ವಿಂಚೆಸ್ಟರ್ ನೆನಪಿರಬಹುದು. ಅದು ಮೈಮೇಲೆ ಬೀಳುವ ನರಭಕ್ಷಕನಿಗೆ, ಹತ್ತಾರು ಗಜದೊಳಗಿನ ಕೆಲಸಕ್ಕೆ. ನಿಂತು ಮೇಯುವ ಜಿಂಕೆಗೆ ಆ ಲೆಕ್ಕ ಹಾಕಬೇಕಿಲ್ಲ. ಹಾಗೆಯೇ ದಪ್ಪ ಗುಂಡು ಪೊದೆಯ ಕಡ್ಡಿಗಳನ್ನು ಸೀಳಿಕೊಂಡು ನೇರ ಹೋಗುತ್ತದೆ ಎಂಬುದೂ ನಂಬುವಂಥದ್ದಲ್ಲ. ಕಡ್ಡಿಗೆ ತಾಗಿದರೆ ಎಲ್ಲ ಗುಂಡುಗಳೂ ದಾರಿ ಬಿಡುತ್ತವೆ, ಕೆಲವು ಸ್ವಲ್ಪ, ಕೆಲವು ಜಾಸ್ತಿ. ಅಡ್ಡ ಕಡ್ಡಿ ಇದ್ದರೆ ಕಾಯಬೇಕು.

ಒಂದೇ ಡಬ್ಬ, ಎರಡು ಕೋವಿ, ಎರಡು ಫಲಿತಾಂಶ

ದುಬಾರಿ ಡಬ್ಬದ ಕಥೆಗೆ ಬರೋಣ. ರೈಫಲ್ ನಳಿಗೆಯೊಳಗೆ ಸುರುಳಿಯಾದ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಡುತ್ತವೆ. ಹತ್ತು ಅಂಗುಲಕ್ಕೆ ಒಂದು ಸುತ್ತು ಇರುವ ನಳಿಗೆಯಿಂದ ಸೆಕೆಂಡಿಗೆ 860 ಮೀಟರ್ ವೇಗದಲ್ಲಿ ಹೊರಟ ಗುಂಡು ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುತ್ತಿರುತ್ತದೆ. ತಿರುಗಣೆ ಸಾಕಾಗದಿದ್ದರೆ ಬುಗುರಿ ತೂರಾಡುವಂತೆ ಗುಂಡೂ ತೂರಾಡುತ್ತದೆ. ಉದ್ದನೆಯ ಗುಂಡಿಗೆ ಹೆಚ್ಚು ತಿರುಗಣೆ ಬೇಕು. ಒಂದೇ ಅಗಲದಲ್ಲಿ ತೂಕ ಹೆಚ್ಚೆಂದರೆ ಉದ್ದ ಹೆಚ್ಚು. ಹಾಗಾಗಿ ಗೆಳೆಯನ ಕೋವಿಯಲ್ಲಿ ಅದ್ಭುತವಾಗಿ ಹೊಡೆದ ಭಾರದ ಗುಂಡು ನಿಮ್ಮದರಲ್ಲಿ ಚೆಲ್ಲಾಪಿಲ್ಲಿಯಾಗಬಹುದು.

ಇಷ್ಟೇ ಅಲ್ಲ. ಗುಂಡು ಹೊರಡುವಾಗ ನಳಿಗೆ ವೀಣೆಯ ತಂತಿಯಂತೆ ಕಂಪಿಸುತ್ತದೆ. ಯಾವ ಮದ್ದು, ಯಾವ ವೇಗ, ಯಾವ ತೂಕ ಆ ಕಂಪನಕ್ಕೆ ಹೊಂದುತ್ತದೆ ಎಂದು ಡಬ್ಬದ ಮೇಲೆ ಬರೆದಿರುವುದಿಲ್ಲ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಕೋವಿಗಳು ಬೇರೆ ಬೇರೆ ತೋಟೆಯನ್ನು ಇಷ್ಟಪಡುವುದುಂಟು. ಆದ್ದರಿಂದ ಮೂರು ನಾಲ್ಕು ಬಗೆಯ ತೋಟೆ ತಂದು, ಮರಳು ಚೀಲದ ಮೇಲೆ ಕೋವಿಯ ಮರವನ್ನು ಇಟ್ಟು, ಒಂದೊಂದರಿಂದಲೂ ಹೊಡೆದು ನೋಡಬೇಕು. ಚೀಲದ ಮೇಲೆ ಇಡಬೇಕಾದ್ದು ಮರವನ್ನು, ನಳಿಗೆಯನ್ನಲ್ಲ. ಒಂದು ಹೊಂದಿತೆಂದರೆ ಅದೇ ಬ್ಯಾಚಿನ ಇನ್ನೆರಡು ಡಬ್ಬ ತಂದಿಟ್ಟುಕೊಳ್ಳುವುದು ಜಾಣತನ. ಬ್ಯಾಚು ಬದಲಾದರೆ ಮತ್ತೆ ಪರೀಕ್ಷೆ.

ಅದಕ್ಕೂ ಮುಂಚೆ ಸ್ಕೋಪನ್ನು ಹಿಡಿದಿರುವ ಸ್ಕ್ರೂಗಳನ್ನು ನೋಡಿ. ‘ಈ ತೋಟೆ ಸರಿಯಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಸಡಿಲ ಸ್ಕ್ರೂಗಳಿಗೆ ಸೇರಬೇಕಾದ್ದು. ನಳಿಗೆಗೂ ಮರಕ್ಕೂ ನಡುವೆ ಒಂದು ನೋಟನ್ನು ತೂರಿಸಿ ಹಿಂದಕ್ಕೆ ಎಳೆದು ನೋಡುವುದು ಹಳೆಯ ಉಪಾಯ. ನಳಿಗೆ ಮರಕ್ಕೆ ತಾಗದಂತೆ ಮಾಡಿದ ಕೋವಿಯಲ್ಲಿ ನೋಟು ಸಿಕ್ಕಿಕೊಂಡರೆ ಅಲ್ಲಿ ಮರ ಒತ್ತುತ್ತಿದೆ, ಮಳೆಗೆ ಉಬ್ಬಿದಾಗ ಗುರಿ ಸರಿಯುತ್ತದೆ.

ಮೂರು ಗುಂಡು ಒಂದೇ ತೂತಿನಲ್ಲಿ!

ಈ ಫೋಟೊ ಖಂಡಿತ ನೋಡಿರುತ್ತೀರಿ: ಕಾಗದದ ಮೇಲೆ ಮೂರು ತೂತು ಒಂದಕ್ಕೊಂದು ತಾಗಿಕೊಂಡು, ಪಕ್ಕದಲ್ಲಿ ನಾಣ್ಯ. ಫೋಟೊ ಸುಳ್ಳಲ್ಲ, ಆದರೆ ಅದು ಹೇಳುವುದು ಬಹಳ ಕಡಿಮೆ. ಮೂರು ಸಲ ನಾಣ್ಯ ಚಿಮ್ಮಿ ಮೂರೂ ಸಲ ಹೆಡ್ಸ್ ಬಂದರೆ ನಾಣ್ಯದಲ್ಲಿ ಏನೋ ವಿಶೇಷ ಇದೆ ಎನ್ನುತ್ತೀರಾ? ಗುಂಡುಗಳು ಆಕಸ್ಮಿಕವಾಗಿ ಚದುರುತ್ತವೆ. ಹೆಚ್ಚು ಹೊಡೆದಷ್ಟೂ ಚದುರಿದ ಅಗಲ ಹೆಚ್ಚುತ್ತದೆ. ಅದೇ ಕೋವಿ, ಅದೇ ತೋಟೆಯಲ್ಲಿ ಹತ್ತು ಗುಂಡಿನ ಗುಂಪು ಮೂರು ಗುಂಡಿನ ಗುಂಪಿಗಿಂತ ಸರಾಸರಿ ಒಂದೂವರೆ ಪಟ್ಟು ಅಗಲ ಇರುತ್ತದೆ. ಇದು ಬರೀ ಸಂಖ್ಯಾಶಾಸ್ತ್ರ. ಅಲ್ಲದೆ ಐದು ಸಲ ಪ್ರಯತ್ನಿಸಿ ಚೆನ್ನಾಗಿ ಬಂದ ಒಂದನ್ನೇ ಫೋಟೊ ತೆಗೆದು ಕಳಿಸುತ್ತಾರೆ. ಎರಡು ತೋಟೆಗಳಲ್ಲಿ ಯಾವುದು ಮೇಲು ಎಂದು ತಿಳಿಯಬೇಕಾದರೆ ಹತ್ತು ಗುಂಡು ಬೇಕು. ಒಂದೇ ದಿನ ಒಂದೇ ಸಮನೆ ಹೊಡೆಯಬೇಕೆಂದಿಲ್ಲ. ಬೇಟೆ ರೈಫಲಿನ ತೆಳು ನಳಿಗೆ ಬೇಗ ಬಿಸಿಯೇರಿ ದಿಕ್ಕು ಬದಲಿಸುತ್ತದೆ. ನಡುನಡುವೆ ಆರಲು ಬಿಡಬೇಕು.

ಬೇಟೆಗಾರನಿಗೆ ಎಲ್ಲಕ್ಕಿಂತ ಮುಖ್ಯ ತಣ್ಣಗಿರುವ ನಳಿಗೆಯ ಮೊದಲ ಗುಂಡು. ಜಿಂಕೆ ಎದುರಿಗೆ ಬಂದಾಗ ಸಿಗುವುದು ಅದೊಂದೇ. ಬೇರೆ ಬೇರೆ ದಿನ ಬೆಳಿಗ್ಗೆ ಹೋಗಿ ಒಂದೊಂದೇ ಗುಂಡು ಹೊಡೆದು, ಅದೇ ಕಾಗದದಲ್ಲಿ ಗುರುತು ಮಾಡುತ್ತ ಬಂದರೆ ತಿಳಿಯುವ ಸತ್ಯ ಮೂರು ತೂತಿನ ಫೋಟೊದಲ್ಲಿಲ್ಲ.

ಇನ್ನು ನಿಖರತೆಯ ಗೀಳು. ನೂರು ಗಜಕ್ಕೆ ಒಂದು ಅಂಗುಲ ಚದುರುವ ಕೋವಿ, ಎರಡು ಅಂಗುಲ ಚದುರುವ ಕೋವಿ, ಇವೆರಡರ ನಡುವೆ ಅಂಗಡಿಯಲ್ಲಿ ನೂರಾರು ಡಾಲರ್ ವ್ಯತ್ಯಾಸ. ಜಿಂಕೆಯ ತಟ್ಟೆಯಗಲದ ಜಾಗಕ್ಕೆ ಇನ್ನೂರು ಗಜದವರೆಗೂ ಎರಡೂ ಸಾಕು. ಕೊರತೆ ಇರುವುದು ಮೇಜು ಬಿಟ್ಟು ಎದ್ದಾಗ. ಅದಕ್ಕೆ ಕಾಗದದ ತಟ್ಟೆ ಪರೀಕ್ಷೆ ಇದೆ. ಒಂಬತ್ತು ಅಂಗುಲದ ತಟ್ಟೆಯನ್ನು ಐವತ್ತು ಗಜದಲ್ಲಿ ನೆಟ್ಟು, ಕೂತು, ಮಂಡಿಯೂರಿ, ನಿಂತು ಹೊಡೆಯಿರಿ. ನಂತರ ದೂರ ಹೆಚ್ಚಿಸುತ್ತ ಹೋಗಿ. ಒಂದೇ ಒಂದು ಗುಂಡು ತಟ್ಟೆಯಿಂದ ಹೊರಬಿತ್ತೆಂದರೆ ಆ ಭಂಗಿಗೆ ನಿಮ್ಮ ದೂರ ಅಲ್ಲಿಗೆ ಮುಗಿಯಿತು. ನಿಂತು ಹೊಡೆಯುವ ಹೆಚ್ಚಿನವರಿಗೆ ಅದು ನೂರು ಗಜವೂ ಇರುವುದಿಲ್ಲ. ಕೋವಿಯ ಸಾಮರ್ಥ್ಯ ಐನೂರು ಗಜವಾದರೂ ಆ ದಿನದ ಮಿತಿ ಇದೇ. ಗಾಳಿ ಇದ್ದರೆ ಇನ್ನೂ ಕಡಿಮೆ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಇನ್ನೂರು ಗಜದಲ್ಲಿ ಗುಂಡನ್ನು ಏಳೆಂಟು ಸೆಂ.ಮೀ. ಪಕ್ಕಕ್ಕೆ ತಳ್ಳುತ್ತದೆ.

ಸೀಸದ ಗುಂಡು, ಮಾಂಸದ ಪೊಟ್ಟಣ

ಕೊನೆಗೆ ಮನೆಯ ಅಡುಗೆಕೋಣೆಗೆ ಬರುವ ವಿಚಾರ. ‘ಗುಂಡು ತೆಗೆದು ಹಾಕಿದರೆ ಮಾಂಸ ಶುದ್ಧ’ ಎಂದು ಒಂದು ಫಾರ್ವರ್ಡ್, ‘ಬೇಟೆ ಮಾಂಸವೆಲ್ಲ ವಿಷ’ ಎಂದು ಇನ್ನೊಂದು. ಎರಡೂ ಸರಿಯಿಲ್ಲ. ವೇಗವಾಗಿ ಬಂದು ಅರಳುವ ಸೀಸದ ಗುಂಡು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳನ್ನು ಗಾಯದ ಸುತ್ತ ಎರಚುತ್ತದೆ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ಹಂಚಲು ದಾನ ಬಂದಿದ್ದ ಜಿಂಕೆ ಮಾಂಸದ ಕೈಮದ ಸುಮಾರು ನೂರು ಪೊಟ್ಟಣಗಳ ಎಕ್ಸ್‌ರೇ ತೆಗೆದಾಗ ಅರ್ಧಕ್ಕೂ ಹೆಚ್ಚು ಪೊಟ್ಟಣಗಳಲ್ಲಿ ಲೋಹದ ಚೂರು ಕಂಡವು. ಆ ಬಳಿಕ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅದೇ ರಾಜ್ಯದ 738 ಜನರ ರಕ್ತ ಪರೀಕ್ಷಿಸಿತು. ಬೇಟೆ ಮಾಂಸ ತಿನ್ನುವವರಲ್ಲಿ ಸೀಸ ಹೆಚ್ಚಿತ್ತು. ಆದರೆ ಆ ಹೆಚ್ಚಳ ಡೆಸಿಲೀಟರಿಗೆ 0.3 ಮೈಕ್ರೋಗ್ರಾಂ, ಅಂದರೆ ಸಣ್ಣದು. ಹಾಗೆಂದು ಉಪೇಕ್ಷಿಸುವಂತಿಲ್ಲ. ಬೆಳೆಯುವ ಮೆದುಳಿಗೆ ಸೀಸದ ಸುರಕ್ಷಿತ ಮಟ್ಟ ಎಂಬುದೇ ಇಲ್ಲ. ಸೀಸದ ಗುಂಡಿನಿಂದ ಹೊಡೆದ ಮಾಂಸವನ್ನು ಗರ್ಭಿಣಿಯರಿಗೆ, ಆರು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ ಎಂದು ಅಲ್ಲಿನ ಆರೋಗ್ಯಾಧಿಕಾರಿಗಳು ಸಲಹೆ ಕೊಟ್ಟರು.

ಬೇಯಿಸಿದರೆ ಸೀಸ ಹೋಗುವುದಿಲ್ಲ. ತೊಳೆದರೂ ಪೂರ್ತಿ ಹೋಗುವುದಿಲ್ಲ, ತೊಳೆದ ನೀರು ಚೂರುಗಳನ್ನು ಬೇರೆ ಕಡೆಗೂ ಒಯ್ಯಬಹುದು. ಇದಕ್ಕೆ ಪರ್ಯಾಯ ಪೂರಾ ತಾಮ್ರದ ಗುಂಡು. ಅದು ಚೂರಾಗದೆ ದಳಗಳಂತೆ ಅರಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸ ನಿಷಿದ್ಧ. ಅಲ್ಲಿ ಮುಖ್ಯ ಕಾರಣ ಕಾಂಡೋರ್ ಎಂಬ ಅಳಿವಿನಂಚಿನ ರಣಹದ್ದು; ಬೇಟೆಗಾರರು ಬಿಟ್ಟುಹೋದ ಕರುಳು ತಿಂದು ಸೀಸವೇರಿ ಸಾಯುತ್ತಿತ್ತು. ಡೆನ್ಮಾರ್ಕ್ 2024ರ ಏಪ್ರಿಲ್‌ನಲ್ಲಿ ಅದೇ ಹಾದಿ ಹಿಡಿಯಿತು.

ತಾಮ್ರಕ್ಕೆ ಬದಲಾಯಿಸುವವರು ಹಳೆಯ ತೂಕವನ್ನೇ ಕೊಳ್ಳಬಾರದು. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಆಗ ಬುಗುರಿಯ ಸಮಸ್ಯೆ ಎದುರಾಗುತ್ತದೆ. ಜೊತೆಗೆ ತಾಮ್ರ ಚೆನ್ನಾಗಿ ಅರಳಬೇಕಾದರೆ ವೇಗ ಬೇಕು. ಆದ್ದರಿಂದ ಒಂದು ಮೆಟ್ಟಿಲು ಹಗುರದ ಗುಂಡು: .308ರಲ್ಲಿ 165 ಗ್ರೇನ್ ಹೊಡೆಯುತ್ತಿದ್ದವರು 150ಕ್ಕೆ ಇಳಿದು ನೋಡಬಹುದು. ಸ್ಕೋಪನ್ನು ಮತ್ತೆ ಹೊಸದಾಗಿ ಕೂರಿಸಬೇಕು, ಏಕೆಂದರೆ ಹೊಸ ಗುಂಡು ಹಳೆಯದು ಬಿದ್ದಲ್ಲೇ ಬೀಳುವುದಿಲ್ಲ.

ಅಮೆರಿಕದಲ್ಲಿರುವ ನಿಮ್ಮ ಮಗನಿಗೋ ಸೊಸೆಗೋ ಆಫೀಸಿನ ಸಹೋದ್ಯೋಗಿ ಪ್ರೀತಿಯಿಂದ ಜಿಂಕೆ ಮಾಂಸದ ಪೊಟ್ಟಣ ಕೊಟ್ಟರೆ ಕೇಳಬೇಕಾದ ಪ್ರಶ್ನೆ ಎರಡು. ಗುಂಡು ಸೀಸದ್ದೋ ತಾಮ್ರದ್ದೋ? ಮಾಂಸ ಕೈಮವೋ ಇಡಿಯೋ? ಬೆನ್ನಿನ ಪಟ್ಟಿ ಅಥವಾ ಹಿಂದೊಡೆಯ ಇಡಿ ತುಂಡಾದರೆ ಅದು ಗಾಯದಿಂದ ದೂರದ ಭಾಗ, ಸೀಸ ಇರುವ ಸಂಭವ ಕಡಿಮೆ. ಕೈಮದಲ್ಲಿ ಗಾಯದ ಸುತ್ತಲಿನ ತುಣುಕುಗಳೂ ಸೇರಿರಬಹುದು. ಮಾಂಸ ಕತ್ತರಿಸಿಕೊಡುವ ಅಂಗಡಿಯಲ್ಲಿ ನಾಲ್ಕಾರು ಜನರ ಜಿಂಕೆಗಳನ್ನು ಒಟ್ಟಿಗೆ ಅರೆಯುವುದೂ ಉಂಟು. ಹಾಗೆ ಅರೆದಿದ್ದರೆ ಕೊಟ್ಟವರು ತಾಮ್ರದ ಗುಂಡು ಬಳಸಿದ್ದರೂ ಪೊಟ್ಟಣದಲ್ಲಿರುವುದು ಅವರ ಜಿಂಕೆಯೇ ಎಂದು ಹೇಳಲಾಗದು.